ಸುಣ್ಣದ ಬಯಲಿನ ಟೆಂಟು

ನಮ್ಮವರು ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಒಂದು ಸಲ ತಲೆಯೆತ್ತಿ ನೋಡಿ, ಆಗಬಹುದು ಎಂದು ಹೊರಟುಬಿಟ್ಟರು. ಅದೇ ಮನುಷ್ಯ ಟೆಂಟು ಹಾಕುವ ಜಾಗ ನೋಡಲು ಸುಣ್ಣದ ಬಯಲಿಗೆ ಎಷ್ಟು ಸಲ ಹೋಗಿ ಬಂದರೆಂದರೆ, ಅಲ್ಲಿನ ನಾಯಿಗಳು ಅವರನ್ನು ಕಂಡು ಬೊಗಳುವುದನ್ನೇ ಬಿಟ್ಟವು. ಹೋದಾಗಲೆಲ್ಲ ಒಂದು ಹಿಡಿ ಮಣ್ಣು ತರುವುದು, ಜಗುಲಿಯಲ್ಲಿ ಕೂತು ಅಂಗೈಯಲ್ಲಿ ಉಜ್ಜಿ ನೋಡುವುದು, "ಇದು ಆಗಲ್ಲ ಮಂಗಳಾ, ಸಡಿಲ" ಎಂದು ನನ್ನ ದಾಸವಾಳದ ಕುಂಡಕ್ಕೆ ಸುರಿಯುವುದು. ಈ ವರ್ಷ ದಾಸವಾಳ ಮೊಗ್ಗು ಬಿಡಲೇ ಇಲ್ಲ.

ಬೇಸಿಗೆ ಶುರುವಾಗುವ ಮುಂಚೆ ಪ್ರತಿವರ್ಷ ನಮ್ಮೂರಿನ ಸುಣ್ಣದ ಬಯಲಿನಲ್ಲಿ ರಾಕ್ ಸಂಗೀತದ ಹಬ್ಬ ನಡೆಯುತ್ತದೆ. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬೆನ್ನಿಗೆ ಮೂಟೆ ಕಟ್ಟಿಕೊಂಡು ಬರುತ್ತಾರೆ, ಟೆಂಟು ಹಾಕುತ್ತಾರೆ. ಎಲ್ಲಿ ಹಾಕಬೇಕೆಂಬುದು ಸಣ್ಣ ವಿಷಯವಲ್ಲ. ವೇದಿಕೆಯ ಮುಂದೆ ಹಾಕಿದರೆ ಹಾಡು ಚೆನ್ನಾಗಿ ಕೇಳುತ್ತದೆ, ಆದರೆ ಹಗಲಿಡೀ ಜನ ತುಳಿದುಕೊಂಡು ಓಡಾಡುತ್ತಾರೆ. ಹುಣಸೆಮರದ ಕೆಳಗೆ ನೆರಳಿದೆ, ಮೇಲೆ ಕಾಗೆಗಳಿವೆ. ತಗ್ಗಿನಲ್ಲಿ ಗಾಳಿಯ ಕಾಟವಿಲ್ಲ, ಆದರೆ ಇಬ್ಬನಿಗೆ ಬೆಳಿಗ್ಗೆ ಹಾಸಿಗೆಯೆಲ್ಲ ಒದ್ದೆ. ನಲ್ಲಿಯ ಹತ್ತಿರ ನೀರಿದೆ, ಬಕೆಟ್ಟು ಹಿಡಿದವರ ಜಗಳವೂ ಇದೆ.

ಇಷ್ಟೆಲ್ಲ ಬೇರೆ ಊರುಗಳಲ್ಲೂ ಇರುವಂಥದ್ದೇ. ನಮ್ಮೂರಿನಲ್ಲಿ ಇನ್ನೂ ಒಂದು ನೋಡಬೇಕು. ಪಕ್ಕದಲ್ಲಿ ಯಾರಿದ್ದಾರೆ, ಅವರಿಗೆ ಏನು ನೋವಿದೆ ಎಂದು ವಿಚಾರಿಸಬೇಕು. ಯಾಕೆಂದರೆ ಗೋಡೆಯಿಲ್ಲದ ಕಡೆ ಒಂದೇ ಬಟ್ಟೆಯ ಕೆಳಗೆ ಮಲಗಿದವರ ನೋವು, ಒಂದೇ ಗೂಟಕ್ಕೋ ಒಬ್ಬರ ಹಗ್ಗಕ್ಕೊಬ್ಬರೋ ಹಗ್ಗ ಕಟ್ಟಿ ಮಲಗಿದವರ ನೋವು, ನಮ್ಮೂರಿನಲ್ಲಿ ಬೆಳಗಾಗುವಷ್ಟರಲ್ಲಿ ಸಮಪಾಲಾಗಿರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರವರದ್ದು ಅವರವರಿಗೆ ವಾಪಸ್ಸು. ಹಾಗಾಗಿ ನಮ್ಮ ಡಾಕ್ಟರು ನಾಡಿ ಹಿಡಿಯುವ ಮುಂಚೆ "ರಾತ್ರಿ ಎಲ್ಲಿ ಮಲಗಿದ್ರಿ" ಎಂದು ಕೇಳುತ್ತಾರೆ. ದಿನ ತುಂಬಿದ ಹೆಂಗಸನ್ನು ಹಿತ್ತಲಿನ ಚಪ್ಪರದಲ್ಲಿ ಮಲಗಿಸಿ, ಪಕ್ಕದಲ್ಲಿ ಗಂಡನನ್ನು, ಅವನು ಸಾಲದಿದ್ದರೆ ಮೈದುನನನ್ನೂ ಮಲಗಿಸುತ್ತಾರೆ. ನಮ್ಮೂರಿನಲ್ಲಿ ಮನೆಗೆ ಒಂದೋ ಎರಡೋ ಮಕ್ಕಳಿರುವುದಕ್ಕೆ ಸರ್ಕಾರದ ಜಾಹೀರಾತು ಕಾರಣವಲ್ಲ. ಕೇಳದೆ ಇನ್ನೊಬ್ಬರ ಗೂಟಕ್ಕೆ ಹಗ್ಗ ಕಟ್ಟುವುದು ನಮ್ಮಲ್ಲಿ ಕೇಳದೆ ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ. ಹಬ್ಬಕ್ಕೆ ಬರುವ ಹೊರಗಿನವರಿಗೆ ಗೇಟಿನಲ್ಲೇ ಮೈಕು ಹಿಡಿದು ಇದನ್ನು ಹೇಳುತ್ತಾರೆ. ಅವರು ಮೊದಲ ದಿನ ನಗುತ್ತಾರೆ. ಮರುದಿನ ಬೆಳಿಗ್ಗೆ ಯಾರದೋ ಮಂಡಿನೋವು ಹಿಡಿದುಕೊಂಡು ಎದ್ದ ಮೇಲೆ ನಗುವುದಿಲ್ಲ.

ನಮ್ಮವರ ಹೆಸರು ಪಂಚಾಕ್ಷರಿ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸ್ಕೂಲು ಬಿಟ್ಟರೂ ಸೀಟಿ ಬಿಟ್ಟಿಲ್ಲ, ಅದು ಈಗಲೂ ಕೊರಳಲ್ಲಿ ನೇತಾಡುತ್ತದೆ. ವಯಸ್ಸಿನಲ್ಲಿದ್ದಾಗ ಸೈಕಲ್ ಅಂಗಡಿಯ ಇಸ್ಮಾಯಿಲ್ ಮತ್ತು ಇನ್ನಿಬ್ಬರು ಗೆಳೆಯರ ಜೊತೆ ಸೇರಿ ಒಂದು ಬ್ಯಾಂಡು ಕಟ್ಟಿದ್ದರು. ಹೆಸರು ಕಬ್ಬಿಣದ ಕಡಲೆ. ಇಸ್ಮಾಯಿಲ್ ಗಿಟಾರು, ಇವರು ಡ್ರಮ್ಸು. ಹಬ್ಬ ಶುರುವಾದ ವರ್ಷದಿಂದ ಈ ಬ್ಯಾಂಡು ಕೊನೆಯ ದಿನ ಸಂಜೆ, ಇನ್ನೂ ಬಿಸಿಲಿರುವಾಗ, ದೊಡ್ಡವರು ವೇದಿಕೆಗೆ ಬರುವ ಮುಂಚೆ, ಊರಿನ ಮರ್ಯಾದೆಗೆಂದು ಒಂದು ಗಳಿಗೆ ಬಾರಿಸುತ್ತದೆ. ಕೇಳುವವರಲ್ಲಿ ಅರ್ಧ ಜನ ಆಗಷ್ಟೇ ಎದ್ದು ಹಲ್ಲುಜ್ಜುತ್ತಿರುತ್ತಾರೆ. ಆದರೂ ಆ ಒಂದು ಗಳಿಗೆಗಾಗಿ ನಮ್ಮವರು ವರ್ಷವಿಡೀ ಊಟದ ಟೇಬಲ್ಲು ಕುಟ್ಟುತ್ತಾರೆ.

ಹೋದ ವರ್ಷ ಹಬ್ಬ ಮುಗಿದ ಸ್ವಲ್ಪ ದಿನಕ್ಕೆ ಅವರ ಎಡಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತು. ಗುಳ್ಳೆಗಳು ಒಣಗಿದವು. ನೋವು ಮಾತ್ರ ಮನೆ ಖಾಲಿ ಮಾಡದ ಬಾಡಿಗೆದಾರನ ಹಾಗೆ ಅಲ್ಲೇ ಕೂತುಬಿಟ್ಟಿತು. ಅಂಗಿ ತಾಗಿದರೆ ಉರಿ, ಗಾಳಿ ತಾಗಿದರೆ ಉರಿ, ಎಡಗೈ ಎತ್ತಿದರೆ ಕಣ್ಣಲ್ಲಿ ನೀರು. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ನಿದ್ದೆ ಕೊಟ್ಟಿತು, ನೋವು ನಿದ್ದೆಯಲ್ಲೂ ಮುಲುಗಿಸಿತು. ಟೇಬಲ್ಲು ಕುಟ್ಟುವ ಸದ್ದು ಮನೆಯಲ್ಲಿ ನಿಂತುಹೋಯಿತು. ಅದು ನಿಲ್ಲಲಿ ಎಂದು ಎಷ್ಟು ಸಲ ಬೈದುಕೊಂಡಿದ್ದೆನೋ, ನಿಂತ ಮೇಲೆ ಮನೆ ಬಿಕೋ ಎನ್ನತೊಡಗಿತು.

"ಬನ್ನಿ, ಇವತ್ತು ಅಂಗಳದಲ್ಲಿ ಮಲಗೋಣ. ಅರ್ಧ ನನಗೆ ಬರಲಿ" ಎಂದು ನಾನು ಕರೆಯುತ್ತಿದ್ದೆ. ಅವರು ಸೊಳ್ಳೆ ಎಂದರು. ಸೊಳ್ಳೆಪರದೆ ತಂದೆ. ಥಂಡಿ ಎಂದರು. ಕಂಬಳಿ ತಂದೆ. ಕೊನೆಗೆ "ನನ್ನ ನೋವು ನನಗಿರಲಿ ಕಣೆ, ಸುಮ್ನೆ ಒಳಗೆ ಮಲಕ್ಕೋ" ಎಂದು ಗೋಡೆಯ ಕಡೆ ತಿರುಗಿದರು. ಗಂಡನ ನೋವನ್ನು ಪಕ್ಕದಲ್ಲೇ ಮಲಗಿ ಕೇಳಿಸಿಕೊಂಡು, ಕೈಗೆ ಸಿಗದೆ ಸುಮ್ಮನಿರುವುದು ಬೇರೆ ಊರಿನ ಹೆಂಗಸರಿಗೆ ಅಭ್ಯಾಸವಿರಬಹುದು. ನಮ್ಮೂರಿನ ಹೆಂಗಸಿಗೆ ಅದು ಅವಮಾನ. ನಾನು ಸಿಟ್ಟು ಮಾಡಿಕೊಂಡೆ, ಮಾತು ಬಿಟ್ಟೆ, ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಅವರು ಸಪ್ಪೆ ಸಾರನ್ನೂ ಚೆನ್ನಾಗಿದೆ ಎಂದು ಉಂಡೆದ್ದರು.

ಈ ವರ್ಷದ ಹಬ್ಬ ಹತ್ತಿರ ಬಂದಾಗ ಇಸ್ಮಾಯಿಲ್ ಮನೆಗೆ ಬಂದು ಕೂತ. "ಮೇಷ್ಟ್ರೇ, ನೀವಿಲ್ದೆ ನಾನು ವೇದಿಕೆ ಹತ್ತಲ್ಲ" ಎಂದ. ನಮ್ಮವರು ನೆಲ ನೋಡುತ್ತ "ನೋಡೋಣ" ಎಂದರು. ಅವರ ಬಾಯಿಂದ ನೋಡೋಣ ಎಂದು ಬಂತೆಂದರೆ ಪ್ರಾಣ ಹೋದರೂ ಮಾಡುತ್ತಾರೆ ಎಂದರ್ಥ. ಆದರೆ ಹಬ್ಬದಲ್ಲೊಂದು ಕಟ್ಟುಪಾಡಿದೆ. ಬಯಲಿನಲ್ಲಿ ಟೆಂಟು ಹಾಕಿ ಎಲ್ಲ ರಾತ್ರಿಯೂ ಮಲಗದವರು ವೇದಿಕೆ ಹತ್ತುವ ಹಾಗಿಲ್ಲ, ಎಷ್ಟು ದೊಡ್ಡ ಹಾಡುಗಾರನಾದರೂ ಅಷ್ಟೇ. ಅಲ್ಲಿಂದಲೇ ನಮ್ಮವರ ಮಣ್ಣು ಪರೀಕ್ಷೆ ಶುರುವಾದದ್ದು. ಅವರಿಗೆ ಬೇಕಾದದ್ದು ನೆರಳಲ್ಲ, ನೀರಲ್ಲ. ಯಾರೂ ಪಕ್ಕಕ್ಕೆ ಬರದಂಥ ಜಾಗ.

ಕೊನೆಗೆ ಸಿಕ್ಕಿತು. ಬಯಲಿನ ಪಡುವಣ ಅಂಚು, ಸುಣ್ಣಕಲ್ಲಿನ ಗಟ್ಟಿ ನೆಲ. ಅಲ್ಲಿ ಸಾಧಾರಣ ಗೂಟ ಇಳಿಯುವುದಿಲ್ಲ, ಹಾಗಾಗಿ ಯಾರೂ ಅತ್ತ ಸುಳಿಯುವುದಿಲ್ಲ. ಜೊತೆಗೆ ಪಕ್ಕದಲ್ಲೇ ಜನರೇಟರು ಗುರ್ ಎನ್ನುತ್ತಿರುತ್ತದೆ. ನಮ್ಮವರು ಕುಲುಮೆಯಲ್ಲಿ ಮೊಳದುದ್ದದ ಕಬ್ಬಿಣದ ಗೂಟಗಳನ್ನು ಮಾಡಿಸಿದರು. ಹಬ್ಬಕ್ಕೆ ಮುಂಚೆಯೇ ಹೋಗಿ, ಬಲಗೈಯೊಂದರಲ್ಲೇ ಸುತ್ತಿಗೆ ಹಿಡಿದು, ಅವನ್ನು ಕಲ್ಲಿಗೆ ಇಳಿಸಿ ಬಂದರು. ನನಗೆ ಬೇರೆ ಟೆಂಟು, ಬೇರೆ ಜಾಗ. ಬಯಲಿನ ಇನ್ನೊಂದು ಕಡೆ ನಲ್ಲಿಯ ಹತ್ತಿರ ಪಂಪ್‌ಹೌಸಿನ ಗೋಡೆಯ ಮರೆಯಲ್ಲಿ ಅದನ್ನೂ ಅವರೇ ಹಾಕಿಕೊಟ್ಟರು.

"ನಾನು ಒಂದೇ ಟೆಂಟಲ್ಲಿರ್ತೀನಿ ಅಂದ್ರೆ ಏನು ಕಷ್ಟ ನಿಮಗೆ" ಎಂದು ಕೇಳಿದೆ.

"ನಿನಗೆ ನೀರು ಹತ್ರ ಬೇಕಲ್ವಾ" ಎಂದರು.

ಮೊದಲ ರಾತ್ರಿ ಹಾಗೇ ಕಳೆಯಿತು. ಬೆಳಿಗ್ಗೆ ಅವರಿಗೆ ಕಾಫಿ ಕೊಟ್ಟು ಮುಖ ನೋಡಿದರೆ ಗಲ್ಲ ಇಳಿದುಹೋಗಿತ್ತು. ಬ್ಯಾಂಡಿನವರು ವೇದಿಕೆಯ ಹಿಂದೆ ಅಭ್ಯಾಸಕ್ಕೆ ಸೇರಿದರು. ನಮ್ಮವರು ಡ್ರಮ್ಸಿನ ಮುಂದೆ ಕೂತು ಬಲಗೈಯಲ್ಲಿ ಶುರುಮಾಡಿದರು. ಎಡಗೈ ಎತ್ತಿದಾಗ ಕೋಲು ಕೆಳಗೆ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು.

ಇಸ್ಮಾಯಿಲ್ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. "ಮೇಷ್ಟ್ರೇ, ಇವತ್ತು ರಾತ್ರಿ ನಾವು ಮೂರೂ ಜನ ನಿಮ್ಮ ಗೂಟಕ್ಕೆ ಹಗ್ಗ ಕಟ್ತೀವಿ. ನಾಲ್ಕು ಪಾಲಾಗ್ಲಿ."

"ಪಕ್ಕೆ ಉರಿ ಇಟ್ಕೊಂಡು ನೀನು ಗಿಟಾರ್ ನುಡಿಸ್ತೀಯಾ? ಒಬ್ಬ ಕೆಡೋ ಬದಲು ನಾಲ್ಕೂ ಜನ ಕೆಡೋಣ ಅಂತೀಯಾ?" ನಮ್ಮವರು ಕೋಲುಗಳನ್ನು ಜೋಡಿಸಿ ಡ್ರಮ್ಮಿನ ಮೇಲಿಟ್ಟರು. "ನಾಳೆ ಬೆಳಿಗ್ಗೆ ಒಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಮಿಷನ್ ಇಟ್ಕೊಳಿ."

ತಾನೇ ತಾಳ ಹಾಕುವ ಒಂದು ಮಿಷನ್ನು ಹಬ್ಬದವರ ಹತ್ತಿರವಿತ್ತು. ಮಧ್ಯಾಹ್ನದಷ್ಟರಲ್ಲಿ ಅದನ್ನು ತಂದು ಡ್ರಮ್ಸಿನ ಪಕ್ಕದಲ್ಲಿಟ್ಟರು. ಬಿಸ್ಕತ್ತಿನ ಡಬ್ಬಿಯಷ್ಟು ದೊಡ್ಡದು. ನಮ್ಮವರು ಅದನ್ನು ನೋಡಿ ತಮ್ಮ ಟೆಂಟಿನ ಕಡೆ ನಡೆದುಹೋದರು. ನಾನು ಹಿಂದೆಯೇ ಹೋದೆ. ಹಪ್ಪಳ ಬೇಕಾ ಎಂದು ಕೇಳಿದೆ. ಬೇಡ ಎಂದರು. ಈ ಸಲ ಬಿಟ್ಟರೆ ಇನ್ನು ಅವರು ಕೋಲು ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಬಿಸಿಲು ಇಳಿಯತೊಡಗಿದಾಗ ಗಾಳಿ ಎದ್ದಿತು. ಮೊದಲು ಬರೀ ಧೂಳು, ಆಮೇಲೆ ಕಸಕಡ್ಡಿ, ಆಮೇಲೆ ಒಂದು ಕಿತ್ತಳೆ ಬಣ್ಣದ ಟೆಂಟು. ಬಯಲಿನ ಸಡಿಲ ಮಣ್ಣಿನಲ್ಲಿ ಹೊಡೆದ ಗೂಟಗಳು ಸೊಪ್ಪು ಕಿತ್ತ ಹಾಗೆ ಎದ್ದು ಬರುತ್ತಿದ್ದವು. ಕಿತ್ತಳೆ ಟೆಂಟು ಉರುಳುತ್ತ ನಮ್ಮತ್ತಲೇ ಬಂತು, ಹಿಂದೆ ಒಬ್ಬಳು ಹುಡುಗಿ ಚಪ್ಪಲಿಯಿಲ್ಲದೆ ಓಡಿ ಬರುತ್ತಿದ್ದಳು. ನಮ್ಮವರು ಎದ್ದವರೇ ಅದರ ಮೇಲೆ ಅಡ್ಡ ಬಿದ್ದು ಹಿಡಿದರು. ಹಗ್ಗ ಎಳೆದು ತಮ್ಮ ಕಬ್ಬಿಣದ ಗೂಟಕ್ಕೆ ಸುತ್ತಿದರು. ಆಮೇಲೆ ಕೊರಳಿನ ಸೀಟಿ ಊದಿದರು. ಅದನ್ನು ಕೇಳಿ ಎಷ್ಟು ಕಾಲವಾಗಿತ್ತೋ.

"ಏಯ್ ನೀಲಿ ಟೆಂಟು, ಈ ಕಡೆ. ಹಸಿರು, ಅಲ್ಲೇ ನಿಂತ್ಕೋಬೇಡ, ಮಡಚ್ಕೊಂಡು ಓಡಿ ಬಾ. ಒಬ್ರ ಹಗ್ಗ ಒಬ್ರ ಹಗ್ಗಕ್ಕೆ ಸೇರಿಸಿ. ಸಾಲು, ಸಾಲು" ಎಂದು ಕೂಗತೊಡಗಿದರು. ನಾನೂ ಸೆರಗು ಸಿಕ್ಕಿಸಿ ಹಗ್ಗ ಹಿಡಿದೆ. ಹುಡುಗರು ಡ್ರಿಲ್ ಕ್ಲಾಸಿನ ಮಕ್ಕಳ ಹಾಗೆ ಓಡಿ ಬಂದರು. ಇಸ್ಮಾಯಿಲ್ ಗಿಟಾರನ್ನು ಮಗುವಿನಂತೆ ಎದೆಗವಚಿಕೊಂಡು ಟೆಂಟು ಎಳೆದುಕೊಂಡು ಬಂದ. ಇವರ ಗೂಟಕ್ಕೆ ಕಿತ್ತಳೆ ಟೆಂಟು, ಅದಕ್ಕೆ ನೀಲಿ, ನೀಲಿಗೆ ಹಸಿರು, ಹೀಗೆ ಪಡುವಣ ಅಂಚಿನಿಂದ ಹುಣಸೆಮರದವರೆಗೂ ಹಗ್ಗಕ್ಕೆ ಹಗ್ಗ ಬಿಗಿದು ಐವತ್ತೋ ಅರವತ್ತೋ ಟೆಂಟುಗಳು ನಿಂತವು. ಬಯಲಿನಲ್ಲಿ ಗಾಳಿಗೆ ಜಗ್ಗದೆ ಇದ್ದದ್ದು ನಮ್ಮವರ ಗೂಟಗಳು ಮಾತ್ರ. ಯಾರೂ ಬೇಡವೆಂದು ಹುಡುಕಿದ್ದ ಜಾಗಕ್ಕೆ ಅವರೇ ಸೀಟಿ ಊದಿ ಊರನ್ನೆಲ್ಲ ಕರೆದುಬಿಟ್ಟಿದ್ದರು.

ಎಲ್ಲ ಮುಗಿದು ಧೂಳು ಕೊಡವಿಕೊಳ್ಳುವಾಗ ಅವರಿಗೆ ಅದು ಹೊಳೆಯಿತು. ಮುಖ ಬಿಳುಚಿಕೊಂಡಿತು. ಗೂಟದಿಂದ ಶುರುವಾದ ಹಗ್ಗವನ್ನು ಕಣ್ಣಲ್ಲೇ ಅಳೆಯುತ್ತ ಕೊನೆಯವರೆಗೂ ನೋಡಿದರು. "ಮಂಗಳಾ, ಏನು ಮಾಡಿಬಿಟ್ಟೆ ನಾನು" ಎಂದರು.

ಗಾಳಿ ಇನ್ನೂ ಬೀಸುತ್ತಲೇ ಇತ್ತು, ಹಗ್ಗ ಬಿಚ್ಚುವಂತಿರಲಿಲ್ಲ. ಅವರು ಒಂದೊಂದೇ ಟೆಂಟಿನ ಬಾಗಿಲಿಗೆ ಹೋಗಿ ಬಗ್ಗಿ ನಿಂತು ಹೇಳತೊಡಗಿದರು. ನಾನು ಜೊತೆಗೇ ನಡೆದೆ. "ನೋಡ್ರಪ್ಪಾ, ನನಗೆ ಪಕ್ಕೆಯಲ್ಲಿ ಸರ್ಪಸುತ್ತಿನ ನೋವಿದೆ. ಕೆಟ್ಟ ನೋವು. ಕೇಳದೆ ಕಟ್ಟಿದ್ದು ನನ್ನ ತಪ್ಪು. ಬೇಡ ಅನ್ನೋರನ್ನ ಪಂಪ್‌ಹೌಸಿನ ಗೋಡೆ ಮರೆಗೆ ನಾನೇ ಸಾಗಿಸಿಕೊಡ್ತೀನಿ." ಒಬ್ಬರು ಹೃದಯದ ಆಪರೇಷನ್ ಆದವರು ಕೈಮುಗಿದು, ತಪ್ಪು ತಿಳ್ಕೋಬೇಡಿ ಎಂದು ಎದ್ದರು. ಅವರ ಟೆಂಟನ್ನು ನಮ್ಮವರು ಹೊತ್ತು ಸಾಗಿಸಿದರು. ಉಳಿದವರು ಯಾರೂ ಅಲ್ಲಾಡಲಿಲ್ಲ. ಜೋಯೆಲ್ ಎಂಬ ಹುಡುಗ ಕೆನ್ನೆಗೆ ಮಫ್ಲರು ಸುತ್ತಿಕೊಂಡು ಕೂತಿದ್ದ. "ಅಂಕಲ್, ನಂಗೆ ಕೊನೆ ಹಲ್ಲು ಬರ್ತಿದೆ. ಬಂದಾಗಿಂದ ಬರೀ ಮಜ್ಜಿಗೇಲಿ ಬದುಕಿದೀನಿ. ನೀವೇ ಬಿಚ್ಕೊಂಡು ಹೋಗ್ತೀರೇನೋ ಅಂತ ನಾನು ಹೆದರ್ತಿದೀನಿ" ಎಂದ.

ಇಷ್ಟಾದರೂ ನಮ್ಮವರಿಗೆ ಸಮಾಧಾನವಿಲ್ಲ. ತಮ್ಮ ಟೆಂಟಿಗೆ ವಾಪಸ್ಸು ಬಂದವರೇ ಅದರ ಹಗ್ಗ ಬಿಚ್ಚತೊಡಗಿದರು. ಗೂಟಗಳು ಇಲ್ಲೇ ಇರಲಿ, ನಾನು ಮನೆಗೆ ಹೋಗಿ ಗೋಡೆಯೊಳಗೆ ಮಲಗುತ್ತೇನೆ ಎಂದರು. ಮನೆಯಲ್ಲಿ ಮಲಗಿದರೆ ನಾಳೆ ವೇದಿಕೆಯಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕಿತ್ತಳೆ ಟೆಂಟಿನ ಹುಡುಗಿ ಹೊರಗೆ ಬಂದಳು. ಹೆಸರು ಶ್ರಾವ್ಯ, ಒಬ್ಬಳೇ ಬಂದಿದ್ದಳು.

"ಎಲ್ಲಿಗೆ ಸರ್" ಎಂದಳು.

"ಮನೆಗಮ್ಮಾ. ನೀವೆಲ್ಲ ಆರಾಮಾಗಿ ಮಲಗಿ. ಗೂಟ ಗಟ್ಟಿಯಾಗಿವೆ."

ಅವಳು ಕುಕ್ಕರಿಸಿ ತನ್ನ ಟೆಂಟಿನ ಹಗ್ಗ ಬಿಚ್ಚತೊಡಗಿದಳು. ಟೆಂಟಿನ ಒಂದು ಮೂಲೆ ಆಗಲೇ ಗಾಳಿಗೆ ಪಟಪಟ ಬಡಿಯತೊಡಗಿತು.

"ಏಯ್, ಏನ್ಮಾಡ್ತಿದ್ದೀಯ? ಹಾರಿಹೋಗುತ್ತೆ."

"ಹೋಗ್ಲಿ ಸರ್. ನಿಮ್ಮ ಗೂಟ ಇಟ್ಕೊಂಡು ನಿಮ್ಮನ್ನ ಕಳಿಸಿದ್ರೆ ನಮಗೆ ನಿದ್ದೆ ಬರುತ್ತಾ? ನೀವು ಹೋಗೋದಾದ್ರೆ ನಾನೂ ಬಿಚ್ತೀನಿ." ಆಮೇಲೆ "ನಂದೂ ಒಂದು ನೋವಿದೆ. ಈಗ ಹೇಳೋಕಾಗಲ್ಲ. ಬೆಳಿಗ್ಗೆ ನಿಮಗೇ ಗೊತ್ತಾಗುತ್ತೆ" ಎಂದು ನನ್ನ ಕಡೆ ನೋಡಿ ನಕ್ಕಳು. ನನಗೆ ಅರ್ಥವಾಯಿತು. ಅವರಿಗೆ ಆಗಲಿಲ್ಲ.

ನಮ್ಮವರು ಅವಳ ಹಗ್ಗ ನೋಡಿದರು, ತಮ್ಮ ಹಗ್ಗ ನೋಡಿದರು. ಕೂತು ಮೊದಲು ಅವಳದನ್ನು ಬಿಗಿದರು, ಆಮೇಲೆ ತಮ್ಮದನ್ನು. ಒಂದು ವರ್ಷ ನಾನು ಸೊಳ್ಳೆಪರದೆ, ಕಂಬಳಿ, ಸಪ್ಪೆ ಸಾರು ಎಲ್ಲ ಪ್ರಯೋಗಿಸಿ ಸೋತದ್ದನ್ನು ಈ ಪೋರಿ ನಿಂತ ನಿಲುವಿನಲ್ಲಿ ಗೆದ್ದಿದ್ದಳು. ನನಗೆ ಹೊಟ್ಟೆ ಉರಿದದ್ದು ನಿಜ. ಅವಳ ಕಾಲಿಗೆ ಬೀಳಬೇಕೆನಿಸಿದ್ದೂ ನಿಜ.

"ಹಾಗಾದ್ರೆ ನನ್ನ ಟೆಂಟನ್ನೂ ತಂದು ಕಟ್ತೀನಿ" ಎಂದೆ.

"ನೀನು ಬೇಡ" ಎಂದರು. ದನಿ ಮೆತ್ತಗಿತ್ತು. "ಇವರೆಲ್ಲ ನಾಳೆ ಬಿಚ್ಕೊಂಡು ಹೋಗೋರು. ನೀನು ಹೋಗೋಳಲ್ಲ. ನಿನಗೆ ಒಂದು ದಿನ ಕೊಟ್ರೆ ದಿನಾ ಕೊಡೋ ಅಭ್ಯಾಸ ಆಗಿಬಿಡುತ್ತೆ ನನಗೆ." ವರ್ಷದಿಂದ ಬಚ್ಚಿಟ್ಟಿದ್ದ ಕಾರಣ ಅವತ್ತು ಬಾಯಿಗೆ ಬಂತು. ನಾನು ನಲ್ಲಿಯ ಹತ್ತಿರ ಹೋಗಿ ಮಲಗಿದೆ.

ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದಾಗ ನಮ್ಮವರು ಟೆಂಟಿನ ಹೊರಗೆ ಅಂಗಿ ತೊಟ್ಟು ಕೂತಿದ್ದರು. ಗುಂಡಿಯನ್ನೆಲ್ಲ ಹಾಕಿಕೊಂಡಿದ್ದರು. ಅವರು ಹಾಗೆ ಗುಂಡಿ ಹಾಕಿದ್ದನ್ನು ನಾನು ನೋಡಿ ಒಂದು ವರ್ಷವಾಗಿತ್ತು. "ಪಕ್ಕೆಯಲ್ಲಿ ಒಂದು ಇರುವೆ ಕಚ್ಚಿದಷ್ಟಿದೆ, ಅಷ್ಟೇ" ಎಂದರು. ಆಮೇಲೆ ಉಳಿದ ಕಾಣಿಕೆಗಳನ್ನು ಒಪ್ಪಿಸಿದರು. ಕೊನೆಯ ಹಲ್ಲಿನ ಹತ್ತಿರ ಚೂರು ಜುಮ್ಮೆನ್ನುತ್ತಿದೆ. ಯಾರದೋ ಉಗುರುಸುತ್ತು, ಯಾರದೋ ತಲೆಭಾರ. "ಇನ್ನೊಂದು ಯಾವುದೋ ಗೊತ್ತಾಗ್ತಿಲ್ಲ ಕಣೆ. ಕಿಬ್ಬೊಟ್ಟೆಯಲ್ಲಿ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತೆ, ಬಿಡುತ್ತೆ. ಸೊಂಟದವರೆಗೂ ಹೋಗುತ್ತೆ. ಅಜೀರ್ಣವೇ?"

ನಾನು ಕಾಫಿ ಕೆಳಗಿಟ್ಟು ನಕ್ಕೆ. ಕಿತ್ತಳೆ ಟೆಂಟಿನೊಳಗಿಂದಲೂ ನಗು ಕೇಳಿಸಿತು. ಅವರ ಕಿವಿಯಲ್ಲಿ ಅದೇನೆಂದು ಹೇಳಿದೆ. ನಮ್ಮವರು ಕಿವಿಯವರೆಗೂ ಕೆಂಪಾದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇದರ ಐವತ್ತು ಪಟ್ಟು ಅಂದ್ರೆ ಎಷ್ಟಾಗುತ್ತೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಡ್ರಿಲ್ ಪೀರಿಯಡ್ಡಿನಲ್ಲಿ ಓಡುವುದಿಲ್ಲವೆಂದ ಹುಡುಗಿಯರನ್ನೆಲ್ಲ ಸೋಮಾರಿಗಳೆಂದು ಬೈಯುತ್ತಿದ್ದ ಮನುಷ್ಯ. ಅವತ್ತು ಶ್ರಾವ್ಯಳಿಗೆ ಬಿಸಿನೀರಿನ ಚೀಲ ಹುಡುಕಿಕೊಂಡು ಬಯಲೆಲ್ಲ ಅಲೆದರು.

ಸಂಜೆಯ ಬಿಸಿಲಿನಲ್ಲಿ ಕಬ್ಬಿಣದ ಕಡಲೆ ವೇದಿಕೆ ಹತ್ತಿತು. ಈ ಸಲ ಯಾರೂ ಹಲ್ಲುಜ್ಜುತ್ತಿರಲಿಲ್ಲ. ಹಗ್ಗ ಕಟ್ಟಿದ್ದವರೆಲ್ಲ ಎಡಪಕ್ಕೆಯನ್ನು ಆಗಾಗ ಕೆರೆದುಕೊಳ್ಳುತ್ತ ಮುಂದೆ ಬಂದು ನಿಂತಿದ್ದರು. ಜೋಯೆಲ್ ಒಂದು ಕೈಯಲ್ಲಿ ಮಸಾಲೆ ಕಡಲೆ ಪೊಟ್ಟಣ ಹಿಡಿದು ಕುರುಕುತ್ತಿದ್ದ. ಮಿಷನ್ನನ್ನು ಯಾರೋ ಬಟ್ಟೆ ಮುಚ್ಚಿ ಮೂಲೆಗಿಟ್ಟಿದ್ದರು. ನಮ್ಮವರು ಎಡಗೈ ಎತ್ತಿದರು. ಕೋಲು ಬೀಳಲಿಲ್ಲ. ಅದು ಡ್ರಮ್ಮಿನ ಮೇಲೆ ಬಿದ್ದ ಸದ್ದು ನನ್ನ ಎದೆಯೊಳಗೆ ಬಂದು ಕೂತಿತು. ಮೊದಲ ಹಾಡಿನಲ್ಲಿ ತಾಳ ಒಂದೆರಡು ಕಡೆ ತಪ್ಪಿತು, ಇಸ್ಮಾಯಿಲ್ ತಿರುಗಿ ನೋಡಿ ನಕ್ಕು ಸರಿಮಾಡಿಕೊಂಡ. ಎರಡನೆಯದರಿಂದ ತಪ್ಪಲಿಲ್ಲ. ನಮ್ಮವರು ಬೆವರು ಒರೆಸಿಕೊಳ್ಳದೆ, ಕಣ್ಣು ಮುಚ್ಚಿ, ವರ್ಷದ ಬಾಕಿಯನ್ನೆಲ್ಲ ಬಾರಿಸಿದರು. ನಾನು ಅಳುತ್ತಿದ್ದೆ. ಆ ಬಯಲಿನಲ್ಲಿ ನಿಂತಿದ್ದ ಹೆಸರು ಗೊತ್ತಿಲ್ಲದ ಒಂದೊಂದು ಮುಖವನ್ನೂ ನೋಡಿ ಮನಸ್ಸಿನಲ್ಲೇ ಕೈಮುಗಿದೆ. ಅವರ ಮೈಯಲ್ಲಿ ನನ್ನ ಗಂಡನ ನೋವಿನ ಚೂರಿತ್ತು. ಅವರಲ್ಲಿ ಯಾರಿಗೂ ಅದು ದೊಡ್ಡ ಉಪಕಾರ ಅನ್ನಿಸಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವರವರದ್ದು ಅವರವರಿಗೆ ಮರಳಿತು. ಜೋಯೆಲ್ ಕೆನ್ನೆ ಹಿಡಿದುಕೊಂಡ. ನಮ್ಮವರು ಅಂಗಿಯ ಗುಂಡಿ ಬಿಚ್ಚಿದರು. ದೊಡ್ಡವರ ಹಾಡೂ ಮುಗಿದ ಮೇಲೆ ಹುಡುಗರು ಟೆಂಟು ಮಡಚಿ, ಒಬ್ಬೊಬ್ಬರಾಗಿ ಬಂದು ಹೇಳಿ ಹೊರಟರು. ಶ್ರಾವ್ಯ ನಮಸ್ಕಾರ ಮಾಡಲು ಬಗ್ಗಿದಳು. ನಮ್ಮವರು ಬೇಡಮ್ಮ ಎಂದು ಹಿಂದೆ ಸರಿದು, ಅವಳಿಗೇ ಕೈಮುಗಿದರು.

ಬಯಲು ಖಾಲಿಯಾಗುತ್ತ ಬಂತು. ನಾನೂ ನನ್ನ ಟೆಂಟು ಮಡಚಿ, ಪಾತ್ರೆ ತುಂಬಿಕೊಂಡು, ಮನೆಗೆ ಹೊರಡೋಣವೇ ಎಂದು ಕೇಳಲು ಪಡುವಣ ಅಂಚಿಗೆ ಬಂದೆ. ಅವರು ತಮ್ಮ ಟೆಂಟು ಬಿಚ್ಚಿರಲೇ ಇಲ್ಲ. ಹೊರಗೆ ಕೂತಿದ್ದರು. ನೋವು ಒಂದು ದಿನ ರಜ ಹಾಕಿ ಬಂದದ್ದಕ್ಕೋ ಏನೋ, ಹಿಂದಿಗಿಂತ ಜೋರಾಗಿತ್ತೆಂದು ಮುಖದಲ್ಲೇ ಗೊತ್ತಾಗುತ್ತಿತ್ತು.

"ಮಂಗಳಾ, ಆ ಹುಡುಗಿ ನೋವು ನನಗೆ ಒಂದು ಚೂರು ಬಂತಲ್ಲ" ಎಂದರು. "ನನಗೆ ಬೇಜಾರಾಗ್ಲಿಲ್ಲ. ಆ ಮಗುವಿಗೆ ಅಷ್ಟು ಕಮ್ಮಿ ಆಯ್ತಲ್ಲ ಅಂತ ಬೆಳಿಗ್ಗೆಯಿಂದ ಏನೋ ಒಂಥರಾ ಖುಷಿ. ನಿನಗೆ ಒಂದು ವರ್ಷ ಆ ಖುಷಿ ಕೊಡ್ಲಿಲ್ಲ ನಾನು."

ನಾನು ಪಾತ್ರೆಯ ಚೀಲ ಕೆಳಗಿಟ್ಟೆ.

"ಇದೊಂದು ರಾತ್ರಿ ಇಲ್ಲೇ ಇರೋಣ. ಒಳಗೆ ಬಾ" ಎಂದರು.

ಬೆಳಿಗ್ಗೆ ಎಚ್ಚರವಾದಾಗ ಎಡಪಕ್ಕೆಯಲ್ಲಿ ಯಾರೋ ಕೆಂಡ ಒತ್ತಿದ ಹಾಗಿತ್ತು. ರವಿಕೆಯ ಬಟ್ಟೆ ಮುಳ್ಳಾಗಿತ್ತು. ಇದು ಬರೀ ಅರ್ಧ. ಇದರ ಎರಡು ಪಟ್ಟು ಇಟ್ಟುಕೊಂಡು ಈ ಮನುಷ್ಯ ನನ್ನ ಸಪ್ಪೆ ಸಾರು ಉಂಡಿದ್ದಾರೆ ಎಂದುಕೊಂಡಾಗ ಕಣ್ಣು ತುಂಬಿತು. ಆದರೂ ಮನಸ್ಸು ಹಗುರವಾಗಿತ್ತು. ಕೊನೆಗೂ ನನ್ನ ಕೈಗೆ ಸಿಕ್ಕಿತ್ತು.

"ಹೇಗಿದೆ" ಎಂದು ಕೇಳಿದರು.

"ಇಷ್ಟೇನಾ" ಎಂದೆ.

ಅವರು ನಂಬಲಿಲ್ಲ. ಇನ್ನರ್ಧ ಅವರ ಹತ್ತಿರವೇ ಇತ್ತಲ್ಲ. ನಗುತ್ತ, ನೀನು ಮಲಗಿರು, ನಾನು ನೀರು ತರುತ್ತೇನೆ ಎಂದು ಎದ್ದು ಟೆಂಟಿನ ಹೊರಗೆ ಕಾಲಿಟ್ಟರು. ಇಟ್ಟವರೇ ಹಾ ಎಂದು ಹಾಗೇ ಕೆಳಗೆ ಕುಸಿದು ಕೂತರು. ಬಲಗಾಲಿನ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಇದು ಯಾರದು" ಎಂದರು. ಖಾಲಿ ಬಯಲನ್ನು ನೋಡಿದರು. "ಎಲ್ಲರೂ ನಿನ್ನೆಯೇ ಬಿಚ್ಕೊಂಡು ಹೋದ್ರಲ್ಲ."

ನಾನು ಟೆಂಟಿನ ಚಾವಣಿ ನೋಡುತ್ತ ಮಲಗಿದ್ದೆ. ಅವರ ನೋವನ್ನು ತೆಗೆದುಕೊಳ್ಳುವುದನ್ನೇ ವರ್ಷವಿಡೀ ಯೋಚಿಸಿದ್ದೆನೇ ಹೊರತು, ನನ್ನದೂ ಅತ್ತ ಹೋಗುತ್ತದೆಂಬುದು ತಲೆಗೇ ಬಂದಿರಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಗುವುದು, ಒಲೆಯ ಮುಂದೆ ನಿಂತು ನಿಂತು ಅದು ಜೋರಾಗುವುದು, ಇದನ್ನೆಲ್ಲ ನಾನು ಯಾರಿಗೂ ಹೇಳಿರಲಿಲ್ಲ. ನಿಮಗೂ ಹೇಳಲಿಲ್ಲ. ಮನೆಯಲ್ಲಿ ಅಷ್ಟು ದೊಡ್ಡ ನೋವು ಇರುವಾಗ ಹಿಮ್ಮಡಿಯ ಮಾತು ಯಾರು ಎತ್ತುತ್ತಾರೆ?

ಅವರು ತೆವಳಿಕೊಂಡು ಒಳಗೆ ಬಂದು ನನ್ನ ಕಾಲ ಹತ್ತಿರ ಕೂತರು. ಬೈಯುತ್ತಾರೆಂದುಕೊಂಡೆ. "ದಿನಾ ಹೀಗೇ ಎದ್ದು ಕಾಫಿ ತಂದ್ಕೊಡ್ತಿದ್ಯಾ ನನಗೆ" ಎಂದು ಕೇಳಿದರು.

"ಇವತ್ತು ಅರ್ಧವೇ ಇದೆ, ನಡೀಬಹುದು" ಎಂದು ನಾನು ಎದ್ದು ಕೂತೆ. ಅವರು ಬಕೆಟ್ಟಿಗೆ ಕೈ ಹಾಕಿದರು, ನಾನೂ ಹಾಕಿದೆ. ಇಬ್ಬರೂ ಎಡಪಕ್ಕೆ ಹಿಡಿದುಕೊಂಡು, ಬಲಗಾಲು ಕುಂಟುತ್ತ, ನಲ್ಲಿಯ ಕಡೆ ನಡೆದೆವು.